ಮರವಿಲ್ಲದ ಪಿಟೀಲು ಕೇಳುವವರಿಗೆ

ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಐವತ್ತು ಪಿಟೀಲುಗಳನ್ನು ಒಟ್ಟಿಗೇ ಸುರಿಯುತ್ತಾನೆ. ಮುಂದಿನ ಸಾಲಿನವರು ‘ಆಹಾ, ಥೇಟ್ ವಯಲಿನ್ನೇ!’ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. 1974ರಲ್ಲಿ ಸೊಲಿನಾ ಸ್ಟ್ರಿಂಗ್ ಆನ್ಸಾಂಬಲ್ ಎಂಬ ಕೀಬೋರ್ಡು ಬಂದಾಗಿನಿಂದ ಜನರ ಕಿವಿ ಈ ಮಂಜಿಗೆ ಒಗ್ಗಿಹೋಗಿದೆ. ಒಂದು ದನಿಯನ್ನು ತುಸು ತಡಮಾಡಿ, ತುಸು ಅಲುಗಿಸಿ ಅದರ ಮೇಲೇ ಹೊದಿಸಿದರೆ ಗುಂಪು ಕೂತು ನುಡಿಸಿದ ಭ್ರಮೆ ಹುಟ್ಟುತ್ತದೆ. ಅದು ಸುಲಭ. ಒಂಟಿ ಪಿಟೀಲನ್ನು ಕೇಳಿ, ಬಂಡವಾಳ ಬಯಲಾಗುತ್ತದೆ.

ಗರಗಸದಲೆಯೇ ಪಿಟೀಲು ಎಂದು ಸಿಂಥಸೈಜರ್ ಕಲಿಸುವವರು ಮೊದಲ ದಿನವೇ ಹೇಳಿಬಿಡುತ್ತಾರೆ. ಅರ್ಧ ನಿಜ. ಕಮಾನು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಸಿಕ್ಕಿಬೀಳುತ್ತದೆ. ಈ ನಡೆಯನ್ನು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಬೀಳುವ ಬಲಕ್ಕೆ ಗರಗಸದ ಹಲ್ಲಿನ ಆಕಾರ ಬರುವುದು ಇದರಿಂದಲೇ. ಆದರೆ ನಮ್ಮ ಕಿವಿಗೆ ಬರುವುದು ಮರ ಸೋಸಿ ಬಿಟ್ಟದ್ದು.

ಆ ಮರಕ್ಕೆ ಅದರದೇ ಇಷ್ಟಾನಿಷ್ಟಗಳಿವೆ. ಒಡಲೊಳಗಿನ ಗಾಳಿ ಸುಮಾರು 275 ಹರ್ಟ್ಜ್ ಹತ್ತಿರ ಮೊಳಗುತ್ತದೆ, ಹಲಗೆಗಳು ಅದಕ್ಕೂ ಮೇಲೆ ಬೇರೆಬೇರೆ ಕಡೆ. ಯಾವ ಸ್ವರ ನುಡಿಸಿದರೂ ಮೊಳಗಿನ ಈ ದಿಬ್ಬಗಳು ಕದಲುವುದಿಲ್ಲ. ಬೆರಳು ಸೆಕೆಂಡಿಗೆ 5-6 ಸಲ ಅಲುಗಿದಾಗ ಒಂದು ಉಪಸ್ವರ ದಿಬ್ಬ ಹತ್ತಿ ಜೋರಾಗುತ್ತದೆ, ಪಕ್ಕದ್ದು ಅದೇ ಗಳಿಗೆಯಲ್ಲಿ ಹಳ್ಳಕ್ಕಿಳಿದು ಮೆತ್ತಗಾಗುತ್ತದೆ. ಜರಿ ಸೆರಗು ಬೆಳಕಿಗೆ ಹೊರಳಿದ ಹಾಗೆ. ಸಿಂಥಸೈಜರಿನ ಮಾಮೂಲಿ ಫಿಲ್ಟರನ್ನೋ, ಸ್ವರದ ಬೆನ್ನು ಹತ್ತಿ ಮೇಲೆ ಕೆಳಗೆ ಓಡುವಂತೆ ಕಟ್ಟಿರುತ್ತಾರೆ. ಸ್ವರಗಳೆಲ್ಲ ಒಂದೇ ತಟ್ಟೆಯ ಇಡ್ಲಿ!

ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಮತ್ತು ಕೋಹಟ್ 1973ರಲ್ಲಿ ವಿದ್ಯುತ್ ಪಿಟೀಲಿಗೆ ಮರದ ಬದಲು ಅನುರಣನದ ಸರ್ಕ್ಯೂಟುಗಳನ್ನು ಜೋಡಿಸಿ ತೋರಿಸಿದ್ದು ಕದಲದ ದಿಬ್ಬಗಳ ಈ ಗುಟ್ಟನ್ನೇ. ದಿಬ್ಬಗಳ ಇಳಿಜಾರು ಕಡಿದಾಗಿರಬೇಕು. ಹಳ್ಳ ತೀರ ಆಳವಾದರೆ ದನಿ ಟೊಳ್ಳು.

ನನ್ನ ಕಿವಿ ತೆರೆದದ್ದು ಗೆಳೆಯನೊಬ್ಬನ ಕೋಣೆಯಲ್ಲಿ. ಅವನ ಹಳೆಯ ಯಂತ್ರದ ಗರಗಸದಲೆ ಲಾರಿ ಹಾರನ್ನಿನಂತೆ ಕಿರುಚುತ್ತಿತ್ತು. ಅದನ್ನು ಏಳೆಂಟು ಕದಲದ ಫಿಲ್ಟರುಗಳ ಮೂಲಕ ಹಾಯಿಸಿ, ಸ್ವರ ಜಾರಿಸುವ ರಿಬ್ಬನ್ನಿನ ಮೇಲೆ ಬೆರಳಿಟ್ಟು ತೋಡಿಯ ಗಾಂಧಾರವನ್ನು ಅಲುಗಿಸಿದ. ಅಡುಗೆಮನೆಯಿಂದ ಅವನ ತಾಯಿ ಇಣುಕಿ, ‘ಪಿಟೀಲಿನವರು ಯಾವಾಗ ಬಂದರೋ? ಅವರಿಗೂ ಕಾಫಿ ಇಡಲಾ?’ ಎಂದರು.

ವೆಂಡಿ ಕಾರ್ಲೋಸ್ ಅವರ 1968ರ ‘ಸ್ವಿಚ್ಡ್-ಆನ್ ಬಾಖ್’ ಕೇಳಲೇಬೇಕು, ಆದರೆ ಪಿಟೀಲಿಗಾಗಿ ಬೇಡ. ಅಲ್ಲಿ ಮೂಗ್ ಸಿಂಥಸೈಜರ್ ಮೂಗಾಗಿಯೇ ನುಡಿಯುತ್ತದೆ. ಟೊಮಿಟಾ 1974ರಲ್ಲಿ ಸಿಂಥಸೈಜರಿನಲ್ಲಿ ಡೆಬ್ಯುಸಿಯನ್ನು ನುಡಿಸಿದ್ದು ಸೊಗಸು, ಮಂಜು ಮಾತ್ರ ಜಾಸ್ತಿ.

ರಾಳದ ಕೆರೆತ, ಕಮಾನು ಕಚ್ಚುವ ಸದ್ದು ಇವನ್ನೆಲ್ಲ ಚೂರು ನಾಯ್ಸ್ ಬೆರೆಸಿ ಯಾರಾದರೂ ಮಾಡಿಯಾರು. ನೀವು ಜಿ ತಂತಿಯ 196 ಹರ್ಟ್ಜ್‌ನಿಂದ ಮೇಲಕ್ಕೆ ನುಡಿಸುವವನಿಂದ ನಿಧಾನವಾಗಿ ಒಂದು ಜಾರು ಎಳೆಸಿ. ದಾರಿಯಲ್ಲಿ ಒಂದು ಸ್ವರ ತಾನಾಗಿ ಉಬ್ಬಬೇಕು, ಇನ್ನೊಂದಕ್ಕೆ ಗಂಟಲು ಕಟ್ಟಬೇಕು. ರಿವರ್ಬ್ ಹಾಕಿಕೊಂಡೇ ನುಡಿಸುತ್ತೇನೆ ಎಂದರೆ, ಕೂರಲೇಬೇಡಿ.