ಪಾಠಾಂತರವಿಲ್ಲದ ವಿಸ್ಕಿ

ರಾಯಲ್ ಸಲ್ಯೂಟ್ 21 ವಿಸ್ಕಿಯನ್ನು ಮೊದಲ ಸಲ ಕುಡಿದಾಗ ನನಗೆ ಅದರ ಹೆಸರು ಗೊತ್ತಿರಲಿಲ್ಲ. ಎಡಿನ್‌ಬರೋದಿಂದ ರಜೆಗೆ ಬಂದಿದ್ದ ಗೆಳೆಯ ಎರಡು ಲೋಟಗಳನ್ನು, ಯಾವುದು ಯಾವುದೆಂದು ಹೇಳದೆ, ಮುಂದಿಟ್ಟ. ಇನ್ನೊಂದರಲ್ಲಿದ್ದದ್ದು ಶಿವಾಸ್ ರೀಗಲ್ 12. ಎರಡೂ ಒಂದೇ ಮನೆಯವು. ಸ್ಪೇಸೈಡಿನ ಸ್ಟ್ರಾತ್‌ಐಲಾ ಮಾಲ್ಟೇ ಎರಡಕ್ಕೂ ಬೆನ್ನೆಲುಬು. ನಾನು ಮೆಚ್ಚಿದ್ದು 12 ವರ್ಷದ್ದನ್ನು. ಅವನು ನಕ್ಕ, ನನಗೆ ನಾಚಿಕೆಯಾಯಿತು. ಕವಿಯ ಹೆಸರು ನೋಡದೆ ಕವಿತೆ ಓದಬೇಕೆಂದು ಸೆಮಿನಾರುಗಳಲ್ಲಿ ವಾದಿಸುವವನು ಬೇರೆ!

ನೀಲಿ ಪಿಂಗಾಣಿಯ ಹೂಜಿ ಕಂಡಮೇಲೆ ನಾಲಿಗೆಯೂ ತಗ್ಗಿಬಗ್ಗಿ ನಡೆಯತೊಡಗಿತು. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆಂದು ಹೊರಬಂದ ವಿಸ್ಕಿ ಇದು. 21 ಎಂಬುದು ತೋಪಿನ ಸಲಾಮಿನ ಲೆಕ್ಕ. ಆದರೆ ಆ ಅಂಕಿ ಹೇಳುವುದಿಷ್ಟೆ: ಬೆರೆತ ಮಾಲ್ಟ್, ಗ್ರೇನ್ ವಿಸ್ಕಿಗಳಲ್ಲಿ ತೀರ ಎಳೆಯದಕ್ಕೂ ಓಕ್ ಪೀಪಾಯಿಯಲ್ಲಿ 21 ವರ್ಷ ತುಂಬಿದೆ. ಯಾವುದು ಎಷ್ಟು ಬೆರೆತಿದೆಯೆಂದು ಚೀಟಿ ಹೇಳುವುದಿಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಆವಿಯಾಗುವುದು ಸುಮಾರು ಶೇ. 2, ಹಾಗಾಗಿ ಅಷ್ಟು ಕಾಯಬಹುದು. (ನಮ್ಮ ಬೆಂಗಳೂರಿನ ಸೆಕೆಯಲ್ಲಿ ಹತ್ತರಲ್ಲೊಂದು ಪಾಲು ಹಾರಿಹೋಗುತ್ತದೆ, ಅಮೃತ್‌ನ ಮಾಲ್ಟ್‌ಗಳು ಸಾಮಾನ್ಯವಾಗಿ 4-5 ವರ್ಷಕ್ಕೇ ಬಾಟಲಿಗಿಳಿಯುತ್ತವೆ.)

ಎರಡನೆಯ ಸಲ ನಿಧಾನವಾಗಿ ಕುಡಿದೆ. ಮೂಗಿಗೆ ಮೊದಲು ಮಾಗಿದ ಮರಸೇಬು, ಆಮೇಲೆ ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ. ನಾಲಿಗೆಯ ಮೇಲೆ ಜೇನು, ಬಾದಾಮಿಯಂಥ ಜಿಡ್ಡು. ನಾಲ್ಕು ಹನಿ ನೀರು ಬಿಟ್ಟಾಗ ಹಳೆಯ ಮರದ ಒಗರು ಮೇಲೆದ್ದಿತು. ಗಂಟಲಿಳಿದು ಎಷ್ಟೋ ಹೊತ್ತಿನ ಮೇಲೆ, ಪಕ್ಕದ ಊರಿನ ಒಲೆಯದೇನೋ ಎಂಬಷ್ಟು ದೂರದ ಹೊಗೆ. ಈ ಕೊನೆಗೆ ನಾನು ತಲೆಬಾಗುತ್ತೇನೆ. 12 ವರ್ಷದ್ದು ಅಷ್ಟರಲ್ಲಿ ಬಾಯಿಂದ ಅಳಿಸಿಹೋಗಿತ್ತು.

ನನ್ನ ತಕರಾರು ಬೇರೆ. ನನ್ನ ಸಂಶೋಧನೆ ಗ್ರಂಥಸಂಪಾದನೆಯಲ್ಲಿ. ಹಲವು ಓಲೆಪ್ರತಿಗಳಿಂದ ಒಂದು ಪಾಠ ಕಟ್ಟುವ ಸಂಪಾದಕರು ತಾವು ಕೈಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾರೆ. ಒಪ್ಪದವರು ಅಲ್ಲಿಂದಲೇ ಜಗಳ ತೆಗೆಯಬಹುದು. ಬ್ಲೆಂಡರ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ, ಅಡಿಟಿಪ್ಪಣಿ ಮಾತ್ರ ಇಲ್ಲ. ಹೊಗೆಯ ಒರಟು, ಗ್ರೇನ್ ವಿಸ್ಕಿಯ ತೆಳುಸಿಹಿ, ಪೀಪಾಯಿಯ ಗಡುಸು ಎಲ್ಲವೂ ಹೊಲಿಗೆ ಕಾಣದಂತೆ ಕೂಡಿವೆ. ದೊಡ್ಡ ಕೌಶಲವೇ, ಅನುಮಾನವಿಲ್ಲ. ಆದರೆ ನಡುವೆ ಎಲ್ಲೂ ನಾಲಿಗೆ ಎಡವುವುದೇ ಇಲ್ಲ. 12 ವರ್ಷದ್ದರಲ್ಲಿ ಸೇಬಿನ ಹುಳಿಯೂ ಮದ್ಯದ ಚುರುಕೂ ಇನ್ನೂ ರಾಜಿಯಾಗಿರಲಿಲ್ಲ; ಅಂದು ನಾನು ಮೆಚ್ಚಿದ್ದು ಅದನ್ನೇ ಇರಬೇಕು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಸೋತವನು ಮಾತು ಕಟ್ಟುತ್ತಿದ್ದೀಯ" ಎಂದ. ಇರಬಹುದು. ಹೂಜಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಮುಂದಿನ ಸಲ ಲೋಟಕ್ಕೆ ಹಾಕುವವನು ನಾನು, ಅವನಿಗೆ ಹೇಳದೆ.