ಸೇವೆ ಯಾರಿಗೆ, ಸರ್ಟಿಫಿಕೇಟು ಯಾರಿಗೆ?

ವಿಶ್ವವಿದ್ಯಾಲಯದ ಹುಡುಗರು ಸಂಬಳವಿಲ್ಲದೆ ಯಾಕೆ ದುಡೀತಾರೆ? ಪಂಡಿತರು ಪಟ್ಟಿ ಕೊಟ್ಟಿದ್ದಾರೆ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾರಿ, ಸ್ನೈಡರ್ ಮತ್ತು ಸಂಗಡಿಗರು ಆರು ಕಾರಣ ಎಣಿಸಿದರು: ನಂಬಿದ ಮೌಲ್ಯ, ಹೊಸದನ್ನು ತಿಳಿಯುವ ಆಸೆ, ಗೆಳೆಯರ ಒತ್ತಾಸೆ, ಮುಂದಿನ ನೌಕರಿ, ಒಳಗಿನ ಅಳುಕಿನಿಂದ ಪಾರಾಗುವುದು, ತನ್ನ ಬಗ್ಗೆ ತನಗೇ ಹಿತವೆನಿಸುವುದು. ಪಟ್ಟಿ ಸುಳ್ಳಲ್ಲ. ಆದರೆ ಆರೂ ಕಾರಣ ಸೇವೆ ಮಾಡುವವನ ಎದೆಯೊಳಗೇ ಇವೆ. ಸೇವೆ ಮಾಡಿಸಿಕೊಳ್ಳುವವನಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ನಮ್ಮಲ್ಲಿಗೆ ಬನ್ನಿ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಘೋಷಣೆ 'ನನಗಲ್ಲ, ನಿನಗೆ'. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಏಳು ದಿನದ ಶಿಬಿರ, ಕೊನೆಗೆ ಸರ್ಟಿಫಿಕೇಟು. 2018ರ ಸ್ವಚ್ಛ ಭಾರತ ಬೇಸಿಗೆ ಇಂಟರ್ನ್‌ಶಿಪ್ಪಿನಲ್ಲಿ 100 ಗಂಟೆಗೆ ಎರಡು ಕ್ರೆಡಿಟ್ಟು.

ಇಲ್ಲೇ ಇರೋದು ಗುಟ್ಟು. ಏಳು ದಿನ ಪೊರಕೆ ಹಿಡಿದವನು ಸ್ವಯಂಸೇವಕ. ಹುಟ್ಟಿದ ಜಾತಿಯ ಕಾರಣಕ್ಕೇ ಜೀವಮಾನವಿಡೀ ಪೊರಕೆ ಹಿಡಿದವಳಿಗೆ ಯಾವ ಕ್ರೆಡಿಟ್ಟು? ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಬಂತು. ಆಮೇಲೂ ಮ್ಯಾನ್‌ಹೋಲುಗಳಲ್ಲಿ ಜನ ಸತ್ತರು. ಒಬ್ಬನ ಸೇವೆ ಪುಣ್ಯ, ಇನ್ನೊಬ್ಬಳ ದುಡಿಮೆ ಕರ್ಮ ಎನ್ನುವ ಹಳೇ ಲೆಕ್ಕವೇ ಹೊಸ ಟೋಪಿ ಹಾಕಿಕೊಂಡು ಬಂದಿದೆ.

ಹಾಗಂತ ಹುಡುಗರನ್ನು ಬಯ್ಯೋದು ತಪ್ಪು. 1964ರ ಬೇಸಿಗೆಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ನೂರಾರು ವಿದ್ಯಾರ್ಥಿಗಳು ಅಮೆರಿಕದ ಮಿಸಿಸಿಪ್ಪಿಗೆ ಹೋದರು. ಜೂನ್ 21ರಂದೇ ಮೂವರು ಕಾರ್ಯಕರ್ತರ ಕೊಲೆಯಾಯಿತು. ಅರ್ಜಿ ಹಾಕಿ ಹೋದವರನ್ನೂ ಹೋಗದೆ ಉಳಿದವರನ್ನೂ ಸಮಾಜಶಾಸ್ತ್ರಜ್ಞ ಡಗ್ ಮೆಕ್‌ಆಡಮ್ ಆಮೇಲೆ ಹೋಲಿಸಿ ನೋಡಿದರು. ಆದರ್ಶದಲ್ಲಿ ಎರಡು ಗುಂಪಿಗೂ ಅಂಥಾ ವ್ಯತ್ಯಾಸವಿರಲಿಲ್ಲ. ಹೋದವರಿಗೆ ಸಂಘಟನೆಯ ನಂಟು ಹೆಚ್ಚಿತ್ತು, ಚಳವಳಿಯ ರೂಢಿಯಿತ್ತು, ಜೊತೆಗೆ ಹೊರಟ ಗೆಳೆಯರಿದ್ದರು. ಅಂದರೆ ಒಳ್ಳೇ ಮನಸ್ಸು ಒಂದೇ ಯಾರನ್ನೂ ಅಪಾಯದ ದಾರಿಗೆ ಹೊರಡಿಸೋದಿಲ್ಲ.

ನಮ್ಮ ಹುಡುಗರಿಗೂ ಇದು ಗೊತ್ತಿತ್ತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿನ ನೆಪದಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾದಾಗ ಹಾಸ್ಟೆಲುಗಳು ಒಟ್ಟಾದವು. ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಲು ಊರೂರು ತಿರುಗಿದವರಲ್ಲಿ ಅಂಥ ಹುಡುಗರೂ ಇದ್ದರು. ಗಂಟೆ ಬರೆದಿಡುವ ಪುಸ್ತಕ ಅವರ ಬಳಿ ಇರಲಿಲ್ಲ. ಅವರು ಹೋದದ್ದು ತಮ್ಮದೇ ಕೇರಿಗೆ.

ಮೇಷ್ಟ್ರೇ, ಈ ಸಲ ಶಿಬಿರಕ್ಕೆ ಹೋದಾಗ ಪೊರಕೆ ಹಿಡಿಯುವ ಮೊದಲು ಹುಡುಗರನ್ನು ಕೇರಿಯ ಜಗಲಿಯಲ್ಲಿ ಕೂರಿಸಿ. ಕುಡಿಯುವ ನೀರು ಎಲ್ಲರಿಗೂ ಸಿಕ್ಕುತ್ತಾ, ಕೂಲಿ ಎಷ್ಟು, ಗೋಮಾಳ ಯಾರ ಕೈಲಿದೆ ಅಂತ ಕೇಳಿ ಬರೆದುಕೊಳ್ಳಲಿ. ಏಳನೇ ದಿನ ಆ ವರದಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದಲಿ. ಎಂಟನೇ ದಿನ ಯಾರು ತಿರುಗಿ ಬರ್ತಾರೋ ನೋಡೋಣ.