ಸೆರೆಯಿಂದ ಬಂದ ಬಿನ್ನಹದೋಲೆ

ಮತಗ್ರಂಥವೆಂದು ಒಂದು ಬರಹವನ್ನು ಓದದೆ ಬದಿಗಿಡುವುದೂ, ಮತಗ್ರಂಥವೆಂಬ ಕಾರಣದಿಂದಲೇ ಅದನ್ನು ವಿಮರ್ಶೆಯಿಂದ ಪಾರುಮಾಡುವುದೂ ಸಾಹಿತ್ಯಾಭ್ಯಾಸಿಗೆ ಸಲ್ಲದು. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಪೌಲನು ಫಿಲೆಮೋನನಿಗೆ ಬರೆದ ಪತ್ರವೊಂದಿದೆ. ಇರುವುದು 25 ವಚನಗಳು ಮಾತ್ರ. ಪೌಲನ ಹೆಸರಿನಲ್ಲಿ ಉಳಿದುಬಂದಿರುವ ಪತ್ರಗಳಲ್ಲೆಲ್ಲ ಇದೇ ಚಿಕ್ಕದು. ನಮ್ಮ ಗಡಿನಾಡಿಗೂ ಈ ಬರಹಕ್ಕೂ ಒಂದು ನಂಟುಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಸತ್ಯವೇದವನ್ನು ಕನ್ನಡಿಸಲು ತೊಡಗಿದರು. 1831ರ ಹೊತ್ತಿಗೆ ಇಡಿಯ ಗ್ರಂಥವು ಕನ್ನಡದಲ್ಲಿ ಸಿದ್ಧವಾಗಿತ್ತು. 1953ರಲ್ಲಿ ಆಂಧ್ರಕ್ಕೆ ಸೇರಿದ ಆದವಾನಿ, ರಾಯದುರ್ಗಗಳು ಆಗ ಬಳ್ಳಾರಿ ಜಿಲ್ಲೆಯವೇ ಆಗಿದ್ದವು.

ಪತ್ರದ ಸಂದರ್ಭವಿಷ್ಟು. ಮತಪ್ರಚಾರಕನಾದ ಪೌಲನು ಸೆರೆಯಲ್ಲಿದ್ದಾನೆ. ಅದು ರೋಮಿನ ಸೆರೆಯೆಂಬುದು ಹಳೆಯ ಅಭಿಪ್ರಾಯ. ಎಫೆಸದ್ದೆನ್ನುವ ವಿದ್ವಾಂಸರೂ ಇದ್ದಾರೆ. ಅಲ್ಲಿ ಒನೇಸಿಮನೆಂಬ ದಾಸನು ಅವನ ಸಂಪರ್ಕಕ್ಕೆ ಬಂದು, ಅವನಿಂದ ಕ್ರೈಸ್ತನಾಗುತ್ತಾನೆ. ಈತನ ಒಡೆಯನೇ ಫಿಲೆಮೋನ. ಸ್ಥಳೀಯ ಸಭೆಯ ಮುಖಂಡ. ಸಭೆ ಕೂಡುತ್ತಿದ್ದುದೂ ಅವನ ಮನೆಯಲ್ಲಿಯೇ. ದಾಸನು ಕದ್ದು ಓಡಿಬಂದವನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಪತ್ರವು ಅದನ್ನು ಸ್ಪಷ್ಟವಾಗಿ ಹೇಳುವುದಿಲ್ಲ; ಅದು ವ್ಯಾಖ್ಯಾನಕಾರರು ತುಂಬಿದ್ದು. ರೋಮನ್ ಕಾನೂನಿನಲ್ಲಿ ದಾಸನು ಒಡೆಯನ ಸ್ವತ್ತು. ಅಂಥವನನ್ನು ಪೌಲನು ಈ ಓಲೆಯೊಡನೆ ಹಿಂದಕ್ಕೆ ಕಳುಹಿಸುತ್ತಿದ್ದಾನೆ.

ಇನ್ನು ಗುಣವಿಚಾರ. ಆಜ್ಞೆ ಮಾಡುವ ಅಧಿಕಾರ ತನಗಿದೆಯೆಂದು ಸೂಚಿಸಿ, ಪೌಲನು ಅದನ್ನು ಬದಿಗಿಡುತ್ತಾನೆ. ತನ್ನ ಮುಪ್ಪನ್ನೂ ಬೇಡಿಯನ್ನೂ ಮುಂದಿಟ್ಟು ಬೇಡುತ್ತಾನೆ. ಒನೇಸಿಮನೆಂದರೆ ಗ್ರೀಕಿನಲ್ಲಿ ಪ್ರಯೋಜಕನೆಂದರ್ಥ. ಹಿಂದೆ ನಿರುಪಯೋಗಿಯಾಗಿದ್ದವನು ಈಗ ಇಬ್ಬರಿಗೂ ಉಪಯೋಗಿ ಎಂಬ ಶ್ಲೇಷೆಯನ್ನು ಅವನು ಆ ಹೆಸರಿನಿಂದಲೇ ತೆಗೆಯುತ್ತಾನೆ. ಮೂರು ಕಡೆ ಬರುವ ಇನ್ನೊಂದು ಗ್ರೀಕ್ ಪದದ ಮೂಲಾರ್ಥ ಒಡಲೊಳಗಿನ ಅಂಗಾಂಗಗಳು, ನಮ್ಮ ಮಾತಿನಲ್ಲಿ ಕರುಳು. ಹಿಂದಕ್ಕೆ ಕಳುಹಿಸುತ್ತಿರುವ ಈ ದಾಸನನ್ನೇ ಪೌಲನು ಆ ಪದದಿಂದ ಕರೆಯುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು 'ಹೃದಯ'ವೆಂದು ಬದಲಿಸಿಕೊಳ್ಳುವವರಿದ್ದಾರೆ. ಮಗುವನ್ನು ಕರುಳಿನ ಕುಡಿಯೆನ್ನುವ ಕನ್ನಡಿಗನಿಗೆ ಆ ತೊಡಕಿಲ್ಲ. ಮುಂದೆ, ದಾಸನಿಂದ ನಷ್ಟವೇನಾದರೂ ಆಗಿದ್ದರೆ ಅದು ತನ್ನ ಲೆಕ್ಕಕ್ಕಿರಲೆಂದು ಸಾಲಪತ್ರಕ್ಕೆ ರುಜು ಹಾಕುವಂತೆ ಸ್ವಹಸ್ತದಿಂದ ಬರೆಯುತ್ತಾನೆ. ಮರುಗಳಿಗೆಯಲ್ಲಿ, ಫಿಲೆಮೋನನೇ ತನಗೆ ಋಣಿಯೆಂಬುದನ್ನು ನೆನಪಿಗೆ ತರುತ್ತಾನೆ. ಕೊನೆಯಲ್ಲಿ ತನಗೊಂದು ಬಿಡಾರ ಸಿದ್ಧವಿರಲಿ ಎನ್ನುತ್ತಾನೆ. ಎಂದರೆ, ನಡೆದುದನ್ನು ಕಣ್ಣಾರೆ ನೋಡಲು ಬರುತ್ತೇನೆಂಬುದು ಧ್ವನಿ. ಓಲೆಯು ಫಿಲೆಮೋನನೊಬ್ಬನಿಗಲ್ಲದೆ ಇಡೀ ಸಭೆಗೂ ಸಂಬೋಧಿತವಾಗಿದೆ. ಹತ್ತು ಜನರ ಮುಂದೆ ಓದಿದ ಬಿನ್ನಹವನ್ನು ತಳ್ಳಿಹಾಕುವುದು ಯಜಮಾನನಿಗೆ ಸುಲಭವಲ್ಲ. ಬೇಡಿ ತೊಟ್ಟವನು ಮನೆಯ ಒಡೆಯನನ್ನು ಮಾತಿನಿಂದ ಕಟ್ಟಿಹಾಕಿದ್ದಾನೆ. ಔಚಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪತ್ರಸಾಹಿತ್ಯದಲ್ಲಿ ವಿರಳ.

ಆದರೆ ದೋಷವೂ ಈ ಜಾಣತನದಲ್ಲಿಯೇ ಇದೆ. ದಾಸನನ್ನು ದಾಸನಿಗಿಂತ ಹೆಚ್ಚಿನವನೆಂದು, ಸಹೋದರನೆಂದು ಸ್ವೀಕರಿಸಬೇಕೆಂಬುದು ಪೌಲನ ಕೋರಿಕೆ. ಹೇಳಿದುದಕ್ಕಿಂತ ಹೆಚ್ಚನ್ನೇ ಫಿಲೆಮೋನನು ಮಾಡುವನೆಂಬ ಭರವಸೆಯೂ ಇದೆ. ಬಿಡುಗಡೆಯೆಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಧ್ವನಿಗೆ ಬಿಟ್ಟ ಆ ಒಂದು ಮಾತನ್ನು ಕಾಲಾಂತರದಲ್ಲಿ ಬಲ್ಲಿದರು ತಮಗೆ ಬೇಕಾದಂತೆ ತುಂಬಿಕೊಂಡರು. 1833ರ ಸುಮಾರಿಗೆ ಅಮೆರಿಕದ ಜಾರ್ಜಿಯದಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಪಾದ್ರಿಯು, ತಾನೂ ಗುಲಾಮರ ಒಡೆಯನಾಗಿದ್ದವನು, ಇದೇ ಪತ್ರವನ್ನು ಆಧಾರಮಾಡಿಕೊಂಡು ಓಡಿಹೋಗುವುದು ತಪ್ಪೆಂದು ಗುಲಾಮರಿಗೆ ಬೋಧಿಸಿದನು. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಅಂಥ ಪತ್ರವೇ ಸತ್ಯವೇದದಲ್ಲಿಲ್ಲವೆಂದು ಕೆಲವರೆಂದರು. ಇದನ್ನು ಆತನೇ ಬರೆದಿಟ್ಟಿದ್ದಾನೆ. ಗುಲಾಮಗಿರಿಯ ವಿರೋಧಿಗಳಾದರೋ ಸಹೋದರನೆಂಬ ಪದವನ್ನೇ ಹಿಡಿದು ವಾದಿಸಿದರು. ಓಲೆ ಒಂದೇ, ಸಾಕ್ಷ್ಯ ಎರಡೂ ಕಡೆಗೆ. ಎದ್ದುಹೋದವರನ್ನು ನಾವು ಅರಸಿಕರೆನ್ನಲಾರೆವು. ಧ್ವನಿಯ ಸೊಗಸನ್ನು ಸವಿಯುವ ಬಿಡುವು ಬೇಡಿ ಕಾಲಿಗಿದ್ದವರಿಗೆ ಇರುವುದಿಲ್ಲ.

ಇನ್ನೂ ಒಂದು ಕೊರತೆಯುಂಟು. ಇಡೀ ಪತ್ರ ಒನೇಸಿಮನನ್ನು ಕುರಿತದ್ದು. ಆದರೆ ಅವನ ಒಂದು ಮಾತೂ ಇಲ್ಲ. ಹಿಂದಿರುಗಲು ಅವನಿಗೆ ಮನಸ್ಸಿತ್ತೇ, ಭಯವಿತ್ತೇ? ಬರೆದವನು ಕೇಳಿದ್ದರೂ ಬರೆಯಲಿಲ್ಲ. ಬರೆಯಬಾರದವರಿಗೆ ಅರ್ಜಿ ಬರೆದುಕೊಟ್ಟ ಅನುಭವ ನಮ್ಮಲ್ಲಿ ಅನೇಕ ಉಪಾಧ್ಯಾಯರಿಗುಂಟು. ಭಾಷೆ ಒಪ್ಪವಾದಷ್ಟೂ ಅರ್ಜಿದಾರನ ದನಿ ಅಡಗುವುದನ್ನು ನಾವು ಕಂಡಿದ್ದೇವೆ. ಸೆರೆಮನೆಯಲ್ಲಿರುವವರ, ದಿಕ್ಕಿಲ್ಲದವರ ಸೇವೆಗೆ ಹೊರಡುವ ಯಾವ ಮತದವರಾದರೂ ಈ ಓಲೆಯಿಂದ ಎರಡು ಪಾಠ ಕಲಿಯಬಹುದು: ಅವರ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವ ಔದಾರ್ಯವೊಂದು, ಅವರ ಮಾತನ್ನು ಅವರೇ ಆಡಲು ಬಿಡಬೇಕೆಂಬ ಎಚ್ಚರವೊಂದು.

ಒನೇಸಿಮನ ಗತಿಯೇನಾಯಿತು? ಎರಡನೆಯ ಶತಮಾನದ ಆರಂಭದಲ್ಲಿ, ಮರಣದಂಡನೆಗಾಗಿ ರೋಮಿಗೆ ಸಾಗುತ್ತಿದ್ದ ಇಗ್ನೇಷಿಯಸನೆಂಬ ಇನ್ನೊಬ್ಬ ಸೆರೆಯಾಳು ಎಫೆಸದ ಸಭೆಗೆ ಪತ್ರ ಬರೆದನು. ಅದರಲ್ಲಿ ಅಲ್ಲಿನ ಸಭಾಧ್ಯಕ್ಷನ ಹೆಸರು ಒನೇಸಿಮ. ಇಬ್ಬರೂ ಒಬ್ಬನೇ ಇರಬಹುದೆಂದು ಜಾನ್ ನಾಕ್ಸ್ ಎಂಬ ವಿದ್ವಾಂಸರು 1935ರಲ್ಲಿ ವಾದಿಸಿದರು. ದಾಸರಲ್ಲಿ ಆ ಹೆಸರು ಸಾಮಾನ್ಯವಾಗಿದ್ದುದರಿಂದ ನಿರ್ಣಯ ಸಾಧ್ಯವಿಲ್ಲ. ನಿಜವಾಗಿದ್ದರೆ ಓಲೆ ಕೇಳದ್ದೂ ನೆರವೇರಿತೆನ್ನಬೇಕು. ಅಲ್ಲವಾದರೆ, ಆ ಒಂದು ಮಾತನ್ನು ಬರೆದಿದ್ದರೆ ಚೆನ್ನಾಗಿತ್ತೆಂಬ ಕೊರಗು ಉಳಿದೇ ಉಳಿಯುತ್ತದೆ.